ಲೆಕ್ಕ ಒಂದು, ಮೀಟರ್ ಇನ್ನೊಂದು: ಆಮ್ಲದ ಪಿಎಚ್ ಅಳತೆಯಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ಬೆಂಗಳೂರಿನ ಪಿಯು ಮತ್ತು ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯಗಳಲ್ಲಿ ಆಮ್ಲಗಳ ಪಿಎಚ್ (ಆಮ್ಲೀಯತೆಯ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು) ಅಳೆಯುವ ದಿನ ಬಂತೆಂದರೆ ಒಂದು ದೂರು ತಪ್ಪದೆ ಕೇಳಿಬರುತ್ತದೆ. 0.1 ಮೋಲಾರ್ (ಲೀಟರಿಗೆ 0.1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೀಟರ್ 1ರ ಆಸುಪಾಸು ತೋರಿಸುತ್ತದೆ. ಅದೇ ಸಾರತೆಯ ಅಸಿಟಿಕ್ ಆಮ್ಲದಲ್ಲಿ ಒಂದು ಬ್ಯಾಚಿನವರಿಗೆ 2.9, ಇನ್ನೊಂದು ಬ್ಯಾಚಿನವರಿಗೆ 3.5 ಬರುತ್ತದೆ. ಕೂಡಲೇ ಎಲ್ಲರ ಕಣ್ಣೂ ಮೀಟರಿನ ಮೇಲೆ ಬೀಳುತ್ತದೆ, ಎಲೆಕ್ಟ್ರೋಡ್ ಬದಲಿಸಬೇಕೆಂಬ ಮಾತು ಶುರುವಾಗುತ್ತದೆ. ಆದರೆ ಈ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ದೋಷವೇ ಅಲ್ಲ, ದುರ್ಬಲ ಆಮ್ಲದ ಸಹಜ ನಡವಳಿಕೆ. ಎರಡನೆಯದು ದೋಷ ಹೌದಾದರೂ ಬಹುಪಾಲು ಸಂದರ್ಭಗಳಲ್ಲಿ ಅದರ ಮೂಲ ಇರುವುದು ನೀರಿನಲ್ಲಿ. ಯಾವುದು ಆಮ್ಲದ ಗುಣ, ಯಾವುದು ನೀರಿನ ದೋಷ, ಯಾವುದು ಉಪಕರಣದ ದೋಷ ಎಂಬುದನ್ನು ಒಂದೊಂದಾಗಿ ಬೇರ್ಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬರಬೇಕಾದ ಸಂಖ್ಯೆಯನ್ನು ಮೊದಲು ನಿಶ್ಚಯಿಸಿಕೊಳ್ಳಿ

ಹೈಡ್ರೋಕ್ಲೋರಿಕ್ ಆಮ್ಲ ನೀರಿಗೆ ಬಿದ್ದಾಗ ಅದರ ಅಣುಗಳೆಲ್ಲವೂ ಪ್ರೋಟಾನನ್ನು ನೀರಿಗೆ ಒಪ್ಪಿಸಿ ಹೈಡ್ರೋನಿಯಂ ಮತ್ತು ಕ್ಲೋರೈಡ್ ಅಯಾನುಗಳಾಗುತ್ತವೆ. ನೈಟ್ರಿಕ್ ಆಮ್ಲದ್ದೂ ಇದೇ ರೀತಿ. ಆದ್ದರಿಂದ 0.1 ಮೋಲಾರ್ ದ್ರಾವಣದಲ್ಲಿ ಹೈಡ್ರೋನಿಯಂ ಸಾರತೆಯೂ 0.1 ಮೋಲಾರ್ ಆಗಿ, ಲೆಕ್ಕದ ಪಿಎಚ್ 1.0 ಬರುತ್ತದೆ. ಸರಿಯಾಗಿ ಹೊಂದಿಸಿದ ಮೀಟರ್ ಇಲ್ಲಿ 1.0ರ ಬದಲು 1.1 ತೋರಿಸಿದರೆ ಗಾಬರಿಪಡಬೇಕಿಲ್ಲ. ಈ ಸಾರತೆಯಲ್ಲಿ ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ಅವುಗಳ ಪರಿಣಾಮಕಾರಿ ಸಾರತೆ, ಅಂದರೆ ಆಕ್ಟಿವಿಟಿ, ನಿಜವಾದ ಸಾರತೆಯ ಸುಮಾರು ಶೇ. 80ರಷ್ಟೇ ಇರುತ್ತದೆ, ಮತ್ತು ಮೀಟರ್ ಅಳೆಯುವುದು ಅದನ್ನೇ.

ಅಸಿಟಿಕ್ ಆಮ್ಲದ ಕಥೆ ಬೇರೆ. ಅದರ ಅಣುಗಳು ಬಿಡಿಬಿಡಿಯಾಗಿ ಒಡೆಯುತ್ತಲೂ ಇರುತ್ತವೆ, ಒಡೆದ ಅಯಾನುಗಳು ಮತ್ತೆ ಕೂಡಿಕೊಳ್ಳುತ್ತಲೂ ಇರುತ್ತವೆ. ಎರಡರ ವೇಗ ಸಮವಾದಾಗ ಸಮತೋಲನ ಏರ್ಪಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವಿಯೋಜನಾ ಸ್ಥಿರಾಂಕ, ಅಂದರೆ ಆಮ್ಲ ಎಷ್ಟರ ಮಟ್ಟಿಗೆ ಒಡೆಯುತ್ತದೆ ಎಂಬುದರ ಅಳತೆ, 0.000018. ಈ ಸ್ಥಿರಾಂಕವನ್ನು ಆಮ್ಲದ ಸಾರತೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ಹೈಡ್ರೋನಿಯಂ ಸಾರತೆ ಸಾಕಷ್ಟು ನಿಖರವಾಗಿ ಸಿಗುತ್ತದೆ. 0.1 ಮೋಲಾರ್ ದ್ರಾವಣಕ್ಕೆ ಅದು ಸುಮಾರು 0.00133 ಮೋಲಾರ್, ಪಿಎಚ್ 2.88. ಅಂದರೆ ನೂರು ಅಣುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಅಯಾನುಗಳಾಗಿ ಒಡೆದಿರುತ್ತದೆ. ಉಳಿದ ತೊಂಬತ್ತೆಂಟಕ್ಕೂ ಹೆಚ್ಚು ಅಣುಗಳು ಇಡಿಯಾಗಿಯೇ ಉಳಿದಿರುತ್ತವೆ.

ಪ್ರಬಲ ಎಂಬುದು ಎಷ್ಟು ಪಾಲು ಒಡೆಯುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು, ಸಾರತೆ ಎಂಬುದು ಎಷ್ಟು ಆಮ್ಲ ಬೆರೆಸಿದ್ದೇವೆ ಎಂಬುದಕ್ಕೆ. ಇವೆರಡನ್ನೂ ಕಲಸಿಕೊಂಡರೆ ಮುಂದಿನ ಯಾವ ಪರೀಕ್ಷೆಯೂ ಅರ್ಥ ಕೊಡುವುದಿಲ್ಲ. ದುರ್ಬಲ ಎಂದರೆ ನಿರಪಾಯಕಾರಿ ಎಂಬ ಎಣಿಕೆಯನ್ನೂ ಇಲ್ಲೇ ಬಿಟ್ಟುಬಿಡಬೇಕು. ಹೈಡ್ರೋಫ್ಲೋರಿಕ್ ಆಮ್ಲ ವಿಯೋಜನೆಯ ದೃಷ್ಟಿಯಿಂದ ದುರ್ಬಲ ಆಮ್ಲ. ಆದರೆ ಒಡೆಯದೆ ಉಳಿದ ಅದರ ಅಣುಗಳು ಚರ್ಮದ ಮೂಲಕ ಆಳಕ್ಕೆ ಇಳಿದು ಮೂಳೆಯವರೆಗೂ ಹಾನಿ ಮಾಡಬಲ್ಲವು. ಅದನ್ನು ಬೋಧನಾ ಪ್ರಯೋಗಾಲಯದ ಕಪಾಟಿನಲ್ಲಿ ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹತ್ತು ಪಟ್ಟು ತೆಳು ಮಾಡಿ ನೋಡುವ ಪರೀಕ್ಷೆ

ಒಂದೇ ಒಂದು ಅಳತೆಯನ್ನು ಹಿಡಿದುಕೊಂಡು ದೋಷ ಹುಡುಕುವುದು ವ್ಯರ್ಥ. ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಹೆಚ್ಚು ಮಾತಾಡುತ್ತದೆ. ಆದ್ದರಿಂದ ಯಾವ ಬಿಡಿಭಾಗವನ್ನೂ ಬದಲಿಸುವ ಮೊದಲು, 0.1 ಮೋಲಾರ್ ದ್ರಾವಣದಿಂದ ಪಿಪೆಟ್‌ನಲ್ಲಿ 10 ಮಿ.ಲೀ. ತೆಗೆದು 100 ಮಿ.ಲೀ. ವಾಲ್ಯೂಮೆಟ್ರಿಕ್ ಫ್ಲಾಸ್ಕಿಗೆ ಹಾಕಿ, ಗುರುತಿನವರೆಗೆ ಡಿಸ್ಟಿಲ್ಡ್ ನೀರು ತುಂಬಿ, ಮುಚ್ಚಳ ಹಾಕಿ ಹಲವು ಬಾರಿ ತಲೆಕೆಳಗು ಮಾಡಿ ಬೆರೆಸಿ. ಬೆರೆಸುವುದನ್ನು ಅವಸರದಲ್ಲಿ ಮುಗಿಸಿದರೆ ಫ್ಲಾಸ್ಕಿನ ಕುತ್ತಿಗೆಯಲ್ಲಿ ಬರಿಯ ನೀರೇ ಉಳಿದಿರುತ್ತದೆ ಎಂಬುದನ್ನು ನೆನಪಿಡಬೇಕು. ಹೀಗೆ ಎರಡೂ ಆಮ್ಲಗಳನ್ನು ತಯಾರಿಸಿ, ನಾಲ್ಕೂ ಬೀಕರುಗಳ ಪಿಎಚ್ ಬರೆದುಕೊಳ್ಳಿ.

ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಸುಮಾರು 1 ಏರಬೇಕು. ಆಕ್ಟಿವಿಟಿಯ ಕಾರಣ 0.95ರ ಹತ್ತಿರ ಬಂದರೂ ಸರಿಯೇ. ಅಸಿಟಿಕ್ ಆಮ್ಲದ್ದು 2.88ರಿಂದ 3.38ಕ್ಕೆ, ಅಂದರೆ ಅರ್ಧ ಮಾತ್ರ ಏರಬೇಕು. ಇನ್ನೂ ಹತ್ತು ಪಟ್ಟು ತೆಳು ಮಾಡಿದರೆ 3.90 ಬರುತ್ತದೆ. ತೆಳುವಾದಂತೆಲ್ಲ ಒಡೆದ ಅಣುಗಳ ಪಾಲು ಶೇ. 1.3ರಿಂದ 4.2ಕ್ಕೆ, ಅಲ್ಲಿಂದ 12.5ಕ್ಕೆ ಏರುತ್ತದೆ, ಏಕೆಂದರೆ ಹೆಚ್ಚು ನೀರಿನಲ್ಲಿ ಚದುರಿಹೋದ ಅಯಾನುಗಳು ಮತ್ತೆ ಸಂಧಿಸಿ ಕೂಡಿಕೊಳ್ಳುವ ಅವಕಾಶ ಕಡಿಮೆಯಾಗುತ್ತದೆ, ಒಡೆಯುವ ವೇಗ ಮಾತ್ರ ಹಾಗೆಯೇ ಇರುತ್ತದೆ. 1884ರಲ್ಲಿ ರಸಾಯನಶಾಸ್ತ್ರಜ್ಞ ಅರ್ಹೇನಿಯಸ್ ಅಯಾನುಗಳ ವಿಯೋಜನೆಯ ವಿಚಾರವನ್ನು ಮುಂದಿಟ್ಟ ಮೇಲೆ, 1888ರಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಓಸ್ವಾಲ್ಡ್ ಇದನ್ನೇ ನಿಯಮವಾಗಿ ರೂಪಿಸಿದರು. ಪಿಎಚ್ ಅಳತೆಗೋಲು ಬಂದದ್ದು ಅದಕ್ಕೂ ತಡವಾಗಿ, 1909ರಲ್ಲಿ. ಓಸ್ವಾಲ್ಡ್ ಅವರ ಕಾಲದ ಅಳತೆಗಳು ವಿದ್ಯುತ್ ವಾಹಕತೆಯನ್ನು ಅವಲಂಬಿಸಿದ್ದವು.

ಈಗ ನಿಮ್ಮ ನಾಲ್ಕು ಸಂಖ್ಯೆಗಳನ್ನು ಓದಿ. ವ್ಯತ್ಯಾಸಗಳು 1 ಮತ್ತು 0.5 ಸರಿಯಾಗಿಯೇ ಬಂದು, ನಾಲ್ಕೂ ಅಳತೆಗಳು ಒಂದೇ ಪ್ರಮಾಣದಲ್ಲಿ, ಉದಾಹರಣೆಗೆ 0.3ರಷ್ಟು, ಮೇಲೆ ಅಥವಾ ಕೆಳಗೆ ಸರಿದಿದ್ದರೆ ಅದು ಮೀಟರ್ ಹೊಂದಾಣಿಕೆಯ ದೋಷ. ಎರಡೂ ವ್ಯತ್ಯಾಸಗಳು ಒಂದೇ ಅನುಪಾತದಲ್ಲಿ ಕುಗ್ಗಿದ್ದರೆ, ಉದಾಹರಣೆಗೆ 0.85 ಮತ್ತು 0.43 ಬಂದರೆ, ಎಲೆಕ್ಟ್ರೋಡ್ ಹಳೆಯದಾಗಿದೆ ಅಥವಾ ಅದರ ಮೇಲೆ ಕೊಳೆ ಕೂತಿದೆ. ದುರ್ಬಲ ಆಮ್ಲದ ಮೊದಲ ಅಳತೆಯೇ 2.88ರ ಬದಲು 2.3ರ ಸುಮಾರಿಗೆ ಇಳಿದಿದ್ದು, ತೆಳು ಮಾಡಿದಾಗ 0.5ರ ಬದಲು 0.85ರಷ್ಟು ಏರಿದರೆ ಅದರಲ್ಲಿ ಪ್ರಬಲ ಆಮ್ಲ ಬೆರೆತಿದೆ ಎಂದರ್ಥ. ಅಸಿಟಿಕ್ ಆಮ್ಲದ ಇಪ್ಪತ್ತು ಪಾಲಿನಲ್ಲಿ ಒಂದು ಪಾಲು ಅದೇ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೂ ಇಷ್ಟಾಗುತ್ತದೆ. ಪಿಪೆಟ್ ಮತ್ತು ಬೀಕರುಗಳನ್ನು ಎರಡು ಆಮ್ಲಗಳಿಗೆ ಬೇರೆ ಬೇರೆ ಇಟ್ಟುಕೊಂಡರೆ ಈ ತೊಂದರೆ ಬರುವುದಿಲ್ಲ.

ದುರ್ಬಲ ಆಮ್ಲದ ಅಳತೆ ಮೊದಲೇ ಮೇಲಿದ್ದು, ತೆಳು ಮಾಡಿದಾಗ ಒಂದಕ್ಕಿಂತಲೂ ಹೆಚ್ಚು ಏರಿದರೆ? ಇದೇ ಬೆಂಗಳೂರಿನಲ್ಲಿ ಹೆಚ್ಚಾಗಿ ಎದುರಾಗುವ ದೋಷ.

ನೀರು

ನಗರದ ಅನೇಕ ಕಟ್ಟಡಗಳಲ್ಲಿ ಕಾವೇರಿ ನೀರು ಮತ್ತು ಬೋರ್‌ವೆಲ್ ನೀರು ಒಂದೇ ಸಂಪಿಗೆ ಬೀಳುತ್ತವೆ. ಪ್ರಯೋಗಾಲಯದ ನಲ್ಲಿಯಲ್ಲಿ ಇಂದು ಬರುವುದು ಯಾವ ನೀರು ಎಂದು ಹೇಳುವುದು ಕಷ್ಟ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದು, ಆಮ್ಲ ಸಿಕ್ಕೊಡನೆ ಅದು ಪ್ರೋಟಾನನ್ನು ಹಿಡಿದುಕೊಂಡು ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ. ಡಿಸ್ಟಿಲ್ಡ್ ನೀರು ಮುಗಿದಾಗ ಯಾರೋ ಕ್ಯಾನಿಗೆ ನಲ್ಲಿ ನೀರು ತುಂಬಿಟ್ಟರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಷಾರತೆ ಇರುವ ನೀರನ್ನು ಉದಾಹರಣೆಗೆ ತೆಗೆದುಕೊಂಡರೆ, ಅದರ ಒಂದು ಲೀಟರ್ 5 ಮಿಲಿಮೋಲ್ ಆಮ್ಲವನ್ನು ನುಂಗುತ್ತದೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವ 100 ಮಿಲಿಮೋಲ್‌ನಲ್ಲಿ 5 ಹೋದರೆ ಪಿಎಚ್ 1.00ರಿಂದ 1.02ಕ್ಕೆ ಸರಿಯುತ್ತದೆ, ಅಷ್ಟೆ. ಯಾರ ಗಮನಕ್ಕೂ ಬರುವುದಿಲ್ಲ. ಅದೇ ನೀರಿನಲ್ಲಿ ಮಾಡಿದ 0.1 ಮೋಲಾರ್ ಅಸಿಟಿಕ್ ಆಮ್ಲದ ಪಿಎಚ್ 2.88ರಿಂದ 3.49ಕ್ಕೆ ಜಿಗಿಯುತ್ತದೆ. ನುಂಗಿದ ಪ್ರಮಾಣ ಎರಡರಲ್ಲೂ ಒಂದೇ. ಆದರೆ ಅಸಿಟಿಕ್ ಆಮ್ಲದಲ್ಲಿ ಮೊದಲೇ ಒಡೆದಿದ್ದದ್ದು 1.3 ಮಿಲಿಮೋಲ್ ಮಾತ್ರ. ಬೈಕಾರ್ಬನೇಟಿನಿಂದ ಹುಟ್ಟಿದ 5 ಮಿಲಿಮೋಲ್ ಅಸಿಟೇಟ್ ಅಯಾನು ಸಮತೋಲನವನ್ನು ಹಿಂದಕ್ಕೆ ತಳ್ಳಿ, ಒಡೆಯುವಿಕೆಯನ್ನೇ ಅಡಗಿಸಿಬಿಡುತ್ತದೆ.

0.01 ಮೋಲಾರ್‌ಗೆ ಇಳಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ 10 ಮಿಲಿಮೋಲ್ ಆಮ್ಲದ ಅರ್ಧದಷ್ಟನ್ನು ನೀರೇ ತಟಸ್ಥಗೊಳಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 2.30 ಬರುತ್ತದೆ, ಅಸಿಟಿಕ್ ಆಮ್ಲದ್ದು 3.38ರ ಬದಲು 4.74, ಅಂದರೆ ಫ್ಲಾಸ್ಕಿನಲ್ಲಿ ನೀವು ಅರಿಯದೆಯೇ ಒಂದು ಬಫರ್ ದ್ರಾವಣ (ಪಿಎಚ್ ಬದಲಾವಣೆಯನ್ನು ತಡೆಯುವ ದ್ರಾವಣ) ತಯಾರಾಗಿರುತ್ತದೆ. ಹತ್ತು ಪಟ್ಟು ತೆಳು ಮಾಡಿದಾಗಿನ ಏರಿಕೆ ಎರಡು ಆಮ್ಲಗಳಲ್ಲೂ ಹೆಚ್ಚುಕಡಿಮೆ ಒಂದೇ, 1.25ರಿಂದ 1.28ರಷ್ಟು, ಆಗಿಬಿಡುತ್ತದೆ. ಇದು ಬಹಳ ದಾರಿ ತಪ್ಪಿಸುವ ಫಲಿತಾಂಶ. ವಿದ್ಯಾರ್ಥಿಯೊಬ್ಬರು ಇದನ್ನು ನೋಡಿ ಅಸಿಟಿಕ್ ಆಮ್ಲವೂ ಪ್ರಬಲ ಆಮ್ಲದಂತೆಯೇ ವರ್ತಿಸಿತು ಎಂದು ರೆಕಾರ್ಡಿನಲ್ಲಿ ಬರೆದರೆ ಅವರನ್ನು ದೂರುವಂತಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದ ಏರಿಕೆ ಒಂದನ್ನು ಇಷ್ಟು ದೂರ ದಾಟಿರುವುದೇ ಇಲ್ಲಿ ಸುಳಿವು: ಕೇವಲ ತೆಳು ಮಾಡುವುದರಿಂದ ಹಾಗಾಗಲು ಸಾಧ್ಯವಿಲ್ಲ, ಆಮ್ಲವನ್ನು ಏನೋ ಕಬಳಿಸುತ್ತಿದೆ.

ಖಚಿತಪಡಿಸಿಕೊಳ್ಳಲು ಮನೆಯ ಆರ್‌ಒ ಫಿಲ್ಟರ್ ಪರೀಕ್ಷಿಸಲು ಬಳಸುವ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಸಾಧನ) ಸಾಕು. ಆಮ್ಲ ಬೆರೆಸುವ ಮೊದಲು ನೀರಿಗೆ ಅದ್ದಿ. ಒಳ್ಳೆಯ ಡಿಸ್ಟಿಲ್ಡ್ ನೀರಿನಲ್ಲಿ ಅದು ಸೊನ್ನೆ ಅಥವಾ ಒಂದಂಕಿ ತೋರಿಸಬೇಕು. ಮೂರಂಕಿ ಬಂದರೆ ಆ ಕ್ಯಾನನ್ನು ಪಕ್ಕಕ್ಕಿಡಿ. ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನಿನ ಆರ್‌ಒ ನೀರಿನಲ್ಲೂ ಲವಣಾಂಶ ಉಳಿದಿರುತ್ತದೆ, ರುಚಿಗಾಗಿ ಮತ್ತೆ ಸೇರಿಸಿರುವುದೂ ಉಂಟು. ಆದ್ದರಿಂದ ಅದು ಡಿಸ್ಟಿಲ್ಡ್ ನೀರಿಗೆ ಬದಲಿಯಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರನ್ನು ಪೆನ್ನಿನಿಂದ ಪರೀಕ್ಷಿಸಿದ ಮೇಲೆ ಈ ಪ್ರಯೋಗಕ್ಕೆ ಬಳಸಬಹುದು.

ಒಳ್ಳೆಯ ನೀರಿನಲ್ಲಿ ತಯಾರಿಸಿದ 0.01 ಮೋಲಾರ್ ದ್ರಾವಣಗಳಿಗೆ ಇದೇ ಪೆನ್ನನ್ನು ಒಂದು ಕ್ಷಣ ಅದ್ದಿ, ಕೂಡಲೇ ತೊಳೆದರೆ, ವಿಯೋಜನೆಯ ಇನ್ನೊಂದು ಸಾಕ್ಷ್ಯವೂ ಕೈಗೆ ಸಿಗುತ್ತದೆ. 25 ಡಿಗ್ರಿಯಲ್ಲಿ ಈ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲದ ವಾಹಕತೆ ಸೆಂಟಿಮೀಟರಿಗೆ ಸುಮಾರು 4,100 ಮೈಕ್ರೋಸೀಮೆನ್ಸ್. ಅಸಿಟಿಕ್ ಆಮ್ಲದ್ದು ಸುಮಾರು 160. ಪೆನ್ ತೋರಿಸುವ ಪಿಪಿಎಂ ಸಂಖ್ಯೆ ಆಮ್ಲದ ವಿಷಯದಲ್ಲಿ ಅರ್ಥಹೀನ, ಆದರೆ ಎರಡರ ನಡುವಿನ ಇಪ್ಪತ್ತೈದು ಪಟ್ಟಿನ ಅಂತರ ಅರ್ಥಪೂರ್ಣ. ವಾಹಕತೆಯಿಂದ ಲೆಕ್ಕ ಹಾಕಿದರೂ ಒಡೆದ ಅಣುಗಳ ಪಾಲು ಶೇ. 4.2ರ ಸಮೀಪವೇ ಬರುತ್ತದೆ. ಪಿಎಚ್ ಮೀಟರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲದಿರುವಾಗ ಎರಡು ದಾರಿಗಳು ಒಂದೇ ಉತ್ತರಕ್ಕೆ ಬಂದು ಸೇರುವುದನ್ನು ವಿದ್ಯಾರ್ಥಿಗಳಿಗೆ ತೋರಿಸದೆ ಬಿಡಬಾರದು.

ಶುದ್ಧ ನೀರೂ ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡನ್ನು ಹೀರಿ 5.6ರ ಸುಮಾರಿನ ಪಿಎಚ್‌ಗೆ ಇಳಿಯುತ್ತದೆ. 0.001 ಮೋಲಾರ್‌ವರೆಗಿನ ಆಮ್ಲಗಳಿಗೆ ಇದರಿಂದ ತೊಂದರೆಯಿಲ್ಲ. ಅದಕ್ಕಿಂತ ಬಹಳ ತೆಳುವಾದ ದ್ರಾವಣಗಳಲ್ಲಿ ಮಾತ್ರ ನೀರನ್ನು ಕುದಿಸಿ, ಮುಚ್ಚಿ, ಆರಿಸಿ ಬಳಸಬೇಕು. 10ರ ಮೈನಸ್ 8ನೇ ಘಾತದಷ್ಟು ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪಿಎಚ್ 8 ಎಂದು ಲೆಕ್ಕ ಹಾಕಿದವರು ನೀರಿನದೇ ಅಯಾನುಗಳನ್ನು ಮರೆತಿದ್ದಾರೆ; ಸರಿಯಾದ ಉತ್ತರ 6.98, ಮತ್ತು ತೆರೆದ ಬೀಕರಿನಲ್ಲಿ ಅದೂ ಬರುವುದಿಲ್ಲ.

ಮೀಟರ್ ಮತ್ತು ಎಲೆಕ್ಟ್ರೋಡ್

ನೀರು ಸರಿಯಿದೆ ಎಂದು ಗೊತ್ತಾದ ಮೇಲೆ ಮೀಟರಿಗೆ ಬನ್ನಿ. ಆಮ್ಲ ಅಳೆಯುವಾಗ 7 ಮತ್ತು 4ರ ಬಫರ್‌ಗಳಿಂದ ಹೊಂದಿಸಬೇಕು. 7 ಒಂದರಿಂದಲೇ ಹೊಂದಿಸಿದರೆ ಎಲೆಕ್ಟ್ರೋಡಿನ ಇಳಿಜಾರು ಸರಿಯಿದೆಯೇ ಎಂಬುದು ತಿಳಿಯುವುದೇ ಇಲ್ಲ. 25 ಡಿಗ್ರಿಯಲ್ಲಿ ಒಂದು ಪಿಎಚ್ ಘಟಕಕ್ಕೆ 59.2 ಮಿಲಿವೋಲ್ಟ್ ಬರುವುದು ಆದರ್ಶ. ಮೀಟರಿನಲ್ಲಿ ಮಿಲಿವೋಲ್ಟ್ ತೋರಿಸುವ ಸೌಲಭ್ಯವಿದ್ದರೆ ಎರಡು ಬಫರ್‌ಗಳ ನಡುವಿನ ಅಂತರವನ್ನು ನೇರವಾಗಿ ನೋಡಿ: ಮೂರು ಘಟಕಗಳಿಗೆ ಸುಮಾರು 177 ಬರಬೇಕು, 160ಕ್ಕಿಂತ ಕೆಳಗಿಳಿದರೆ ಎಲೆಕ್ಟ್ರೋಡಿಗೆ ಶುಶ್ರೂಷೆ ಬೇಕು. ಬಫರ್ ಮಾತ್ರೆಗಳನ್ನು ಕರಗಿಸುವ ನೀರೂ ಡಿಸ್ಟಿಲ್ಡ್ ಆಗಿರಲಿ. ನಲ್ಲಿ ನೀರಿನಲ್ಲಿ ಕರಗಿಸಿದ ಬಫರ್‌ನಿಂದ ಹೊಂದಿಸಿದ ಮೀಟರ್ ಎಲ್ಲರಿಗೂ ಒಂದೇ ರೀತಿಯ ತಪ್ಪು ಹೇಳುತ್ತಾ ಹೋಗುತ್ತದೆ, ಆದ್ದರಿಂದಲೇ ಯಾರಿಗೂ ಸಂಶಯ ಬರುವುದಿಲ್ಲ.

ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಡುವ ಅಭ್ಯಾಸ ಹಲವೆಡೆ ಇದೆ. ಅದನ್ನು ನಿಲ್ಲಿಸಬೇಕು. ಒಳಗಿನ ಲವಣ ಹೊರಕ್ಕೆ ಸೋರಿ ಅಳತೆ ಅಲುಗಾಡತೊಡಗುತ್ತದೆ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡುವುದೇ ಸರಿ. ಒಣಗಿಹೋಗಿದ್ದರೆ ಅದೇ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ಹೊಂದಿಸಿ ನೋಡಿ. ಗಾಜಿನ ಗುಂಡಿಯನ್ನು ಬಟ್ಟೆಯಿಂದ ಉಜ್ಜಬೇಡಿ, ಟಿಶ್ಯೂ ಕಾಗದದಿಂದ ಒತ್ತಿದರೆ ಸಾಕು.

ಉಷ್ಣತೆಯ ಮೇಲೆ ತಪ್ಪು ಹೊರಿಸುವವರಿಗೆ ಒಂದು ಮಾತು. ಅಸಿಟಿಕ್ ಆಮ್ಲದ ವಿಯೋಜನಾ ಸ್ಥಿರಾಂಕ ಬೆಂಗಳೂರಿನ ಕೋಣೆಯ ಉಷ್ಣತೆಯ ವ್ಯಾಪ್ತಿಯಲ್ಲಿ ಬದಲಾಗುವುದೇ ಇಲ್ಲವೆನ್ನಬಹುದು. 30 ಡಿಗ್ರಿಯ ಮಧ್ಯಾಹ್ನ ಮೀಟರಿನ ಉಷ್ಣತಾ ಗುಂಡಿ 25ರಲ್ಲೇ ಉಳಿದಿದ್ದರೂ ಪಿಎಚ್ 2ರ ಬಳಿ ಆಗುವ ತಪ್ಪು 0.1ನ್ನು ಮೀರುವುದಿಲ್ಲ. 2.9 ಬರಬೇಕಾದಲ್ಲಿ 3.5 ಬಂದುದಕ್ಕೆ ಬಿಸಿಲು ಕಾರಣವಲ್ಲ.

ಬಾಟಲಿಯೊಳಗಿನ ಆಮ್ಲ

ಚಳಿ ಮಾತ್ರ ಒಂದು ಕಡೆ ಕೈ ಕೊಡುತ್ತದೆ. ಗ್ಲೇಶಿಯಲ್ ಅಸಿಟಿಕ್ ಆಮ್ಲ 16.6 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಮತ್ತು ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವ ಉಷ್ಣತೆ ಅದಕ್ಕಿಂತ ಕೆಳಗಿಳಿಯುವುದುಂಟು. ಬೆಳಗಿನ ಮೊದಲ ಬ್ಯಾಚಿಗೆ ದ್ರಾವಣ ತಯಾರಿಸಲು ಬಾಟಲಿ ತೆಗೆದಾಗ ತಳದಲ್ಲಿ ಗಾಜಿನಂತಹ ಹರಳುಗಳು ಕಂಡರೆ ಮೇಲಿನ ದ್ರವವನ್ನಷ್ಟೇ ಬಗ್ಗಿಸಿಕೊಳ್ಳಬಾರದು. ಹರಳಾದದ್ದು ಹೆಚ್ಚು ಶುದ್ಧ ಆಮ್ಲ. ಅದರಲ್ಲಿದ್ದ ಅಲ್ಪ ನೀರೆಲ್ಲ ಮೇಲಿನ ದ್ರವದಲ್ಲಿ ಸೇರಿಕೊಂಡಿರುತ್ತದೆ. ಬಾಟಲಿಯ ಮುಚ್ಚಳ ಸಡಿಲಿಸಿ, ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಪೂರ್ತಿ ಕರಗಿದ ಮೇಲೆ ಮುಚ್ಚಿ ಅಲುಗಿಸಿ ಅಳೆಯಿರಿ. ಬೆಂಕಿಯ ಬಳಿ ಒಯ್ಯಬೇಡಿ, ಅದರ ಆವಿ ಹೊತ್ತಿಕೊಳ್ಳುತ್ತದೆ. ಶುದ್ಧ ಆಮ್ಲ ಸುಮಾರು 17.4 ಮೋಲಾರ್ ಇರುವುದರಿಂದ ಒಂದು ಲೀಟರ್ 0.1 ಮೋಲಾರ್ ದ್ರಾವಣಕ್ಕೆ 5.75 ಮಿ.ಲೀ. ಬೇಕು, ನೀರಿಗೆ ಆಮ್ಲ ಸೇರಿಸಿ, ಆಮ್ಲಕ್ಕೆ ನೀರನ್ನಲ್ಲ.

ಈ ಬಗೆಯ ತಪ್ಪು ಪಿಎಚ್‌ನಲ್ಲಿ ಕಾಣುವುದಿಲ್ಲ ಎಂಬುದೇ ತೊಡಕು. ದುರ್ಬಲ ಆಮ್ಲದ ಸಾರತೆ ಅರ್ಧಕ್ಕಿಳಿದರೂ ಪಿಎಚ್ 0.15ರಷ್ಟೇ ಸರಿಯುತ್ತದೆ. ಸಾರತೆಯ ತಪ್ಪನ್ನು ಹಿಡಿಯಲು ಟೈಟ್ರೇಷನ್ನೇ ಬೇಕು, ಅಂದರೆ ಸಾರತೆ ಗೊತ್ತಿರುವ ಕ್ಷಾರವನ್ನು ಬ್ಯೂರೆಟ್‌ನಿಂದ ಹನಿಸಿ ಆಮ್ಲ ತಟಸ್ಥವಾಗಲು ಎಷ್ಟು ಬೇಕೆಂದು ಅಳೆಯಬೇಕು.

ಟೈಟ್ರೇಷನ್‌ನಲ್ಲಿ ಎದುರಾಗುವ ದೋಷಗಳು

ಎರಡೂ ಆಮ್ಲಗಳ ಪಿಎಚ್ ಇಷ್ಟು ಬೇರೆಯಾಗಿರುವಾಗ 10 ಮಿ.ಲೀ. ಆಮ್ಲಕ್ಕೆ ಎರಡರಲ್ಲೂ ಅದೇ ಸಾರತೆಯ 10 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡೇ ಏಕೆ ಬೇಕು ಎಂಬುದು ವಿದ್ಯಾರ್ಥಿಗಳ ನ್ಯಾಯವಾದ ಪ್ರಶ್ನೆ. ಕ್ಷಾರವು ಹೈಡ್ರೋನಿಯಂ ಅಯಾನುಗಳನ್ನು ತೆಗೆದುಹಾಕುತ್ತಾ ಹೋದಂತೆ, ಇಡಿಯಾಗಿ ಉಳಿದಿದ್ದ ಅಣುಗಳು ಒಡೆದು ಆ ಕೊರತೆಯನ್ನು ತುಂಬುತ್ತಾ ಬರುತ್ತವೆ. ಕೊನೆಗೆ ಎಲ್ಲ ಅಣುಗಳೂ ಖರ್ಚಾಗುತ್ತವೆ. ಮೀಟರ್ ಅಳೆಯುವುದು ಈ ಕ್ಷಣ ಒಡೆದಿರುವುದನ್ನು, ಬ್ಯೂರೆಟ್ ಅಳೆಯುವುದು ಇರುವ ಎಲ್ಲವನ್ನೂ.

ಅಸಿಟಿಕ್ ಆಮ್ಲಕ್ಕೆ 10ರ ಬದಲು 3 ಮಿ.ಲೀ.ಗೇ ಅಂತ್ಯಬಿಂದು ಬಂತೆಂದರೆ ಸೂಚಕವಾಗಿ ಮೀಥೈಲ್ ಆರೆಂಜ್ ಹಾಕಿದ್ದಾರೆ ಎಂದು ಬಾಟಲಿ ನೋಡದೆಯೇ ಹೇಳಬಹುದು. ಅದು 3.1 ಮತ್ತು 4.4ರ ನಡುವೆ ಬಣ್ಣ ಬದಲಿಸುತ್ತದೆ, ಮತ್ತು ಈ ದ್ರಾವಣ ಮೂರನೇ ಒಂದು ಪಾಲು ತಟಸ್ಥವಾಗುವಷ್ಟರಲ್ಲೇ 4.4ನ್ನು ತಲುಪಿರುತ್ತದೆ. ಅದೂ ಥಟ್ಟನೆ ಬದಲಾಗದೆ, ಹನಿಹನಿಗೂ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ನಿಧಾನವಾಗಿ ಜಾರುತ್ತದೆ. ಇಲ್ಲಿ ಸಮಬಿಂದುವಿನ, ಅಂದರೆ ಆಮ್ಲವೆಲ್ಲ ಸರಿಯಾಗಿ ತಟಸ್ಥವಾದ ಬಿಂದುವಿನ, ಪಿಎಚ್ 8.7, ಆದ್ದರಿಂದ 8.2ರ ಬಳಿ ಗುಲಾಬಿಯಾಗತೊಡಗುವ ಫಿನಾಫ್ತಲೀನೇ ಸರಿಯಾದ ಸೂಚಕ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಸಾಕು, ಆಮೇಲೆ ಅದು ಮಾಸುವುದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ. ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಯೂ ಅದೇ ಅನಿಲವನ್ನು ಹೀರುತ್ತಿರುತ್ತದೆಯಾದ್ದರಿಂದ, ಲೀಟರಿಗೆ 6.3 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳನ್ನು ಕರಗಿಸಿದ ದ್ರಾವಣದಿಂದ ಅದರ ಸಾರತೆಯನ್ನು ಆಗಾಗ ನಿರ್ಧರಿಸಿಕೊಳ್ಳಬೇಕು.

ಮೀಟರ್ ತಪ್ಪೋ ದ್ರಾವಣ ತಪ್ಪೋ ಎಂಬ ಜಗಳ ಇನ್ನೂ ಬಗೆಹರಿಯದಿದ್ದರೆ, 10 ಮಿ.ಲೀ. ಅಸಿಟಿಕ್ ಆಮ್ಲಕ್ಕೆ ಬೇಕಾದ ಕ್ಷಾರದ ಸರಿಯಾಗಿ ಅರ್ಧವನ್ನು ಮಾತ್ರ ಸೇರಿಸಿ ಪಿಎಚ್ ನೋಡಿ. ಆ ಬಿಂದುವಿನಲ್ಲಿ ಒಡೆಯದ ಆಮ್ಲ ಮತ್ತು ಅಸಿಟೇಟ್ ಸಮನಾಗಿರುವುದರಿಂದ, ಸಾರತೆ ಎಷ್ಟೇ ಇರಲಿ, ಮೀಟರ್ 4.6 ಮತ್ತು 4.8ರ ನಡುವೆ ತೋರಿಸಲೇಬೇಕು. ತೋರಿಸಿದರೆ ಮೀಟರ್ ನಿರ್ದೋಷಿ.

ಸಲ್ಫ್ಯೂರಿಕ್ ಆಮ್ಲದ ಬಗೆಗಿನ ದೂರು

0.05 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಪಿಎಚ್ 1.0 ಬರಬೇಕಿತ್ತು, 1.2 ಬಂತು ಎಂಬ ದೂರಿನಲ್ಲಿ ದೋಷ ಇರುವುದು ನಿರೀಕ್ಷೆಯಲ್ಲಿ. ಈ ಆಮ್ಲದ ಮೊದಲ ಪ್ರೋಟಾನ್ ಮಾತ್ರ ಪೂರ್ತಿಯಾಗಿ ಬಿಟ್ಟುಹೋಗುತ್ತದೆ. ಉಳಿದ ಬೈಸಲ್ಫೇಟ್ ಅಯಾನು 0.012ರಷ್ಟು ವಿಯೋಜನಾ ಸ್ಥಿರಾಂಕವಿರುವ, ಅಸಿಟಿಕ್‌ಗಿಂತ ಬಹಳ ಮುಂದಿದ್ದರೂ ಪ್ರಬಲವಲ್ಲದ ಆಮ್ಲ. ಮೊದಲ ಹಂತದಿಂದ ಬಂದ ಹೈಡ್ರೋನಿಯಂ ಅದರ ಒಡೆಯುವಿಕೆಯನ್ನು ಇನ್ನಷ್ಟು ತಡೆಯುತ್ತದೆ. ಲೆಕ್ಕ ಹಾಕಿದರೆ ಹೈಡ್ರೋನಿಯಂ ಸಾರತೆ 0.1 ಮೋಲಾರ್ ಅಲ್ಲ, 0.0585; ಪಿಎಚ್ 1.23. ಇಲ್ಲಿ ಮೀಟರಿಗೆ ಕೈ ಹಚ್ಚಬೇಡಿ. ಇದೇ ದ್ರಾವಣದ 10 ಮಿ.ಲೀ.ಗೆ ಫಿನಾಫ್ತಲೀನ್ ಹಾಕಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿ: ಬ್ಯೂರೆಟ್ 10 ಮಿ.ಲೀ. ತೋರಿಸಿದರೆ ಎರಡೂ ಪ್ರೋಟಾನುಗಳ ಲೆಕ್ಕ ಸರಿಹೋಗುತ್ತದೆ, ದ್ರಾವಣವೂ ಸರಿಯಾಗಿಯೇ ತಯಾರಾಗಿದೆ.